ಮೊದಲ ತುತ್ತಿಗೆ ಕಾದ ಪಂಕ್ತಿ

ನಮ್ಮ ಬೋಶಾನ್ ಪೇಟೆಯಲ್ಲಿ ಮದುಮಗನಿಲ್ಲದೆ ಬೇಕಾದರೂ ಮದುವೆ ನಡೆದೀತು, ಮೆಂಗ್ ಝಾವ್‌ಹೌ ಇಲ್ಲದೆ ಮದುವೆಯ ಊಟ ನಡೆಯದು. ಮಗುವಿಗೆ ತಿಂಗಳು ತುಂಬಲಿ, ಮುದುಕರಿಗೆ ಎಂಬತ್ತು ತುಂಬಲಿ, ಯಾರದೋ ಅಂಗಡಿಯ ಬಾಗಿಲು ತೆರೆಯಲಿ, ಜನ ಮೊದಲು ಅವನ ಮನೆಗೆ ಹೋಗಿ "ಮೆಂಗಣ್ಣ, ನೀವೇ ಬಂದು ಪಂಕ್ತಿ ನಡೆಸಿಕೊಡಬೇಕು" ಎಂದು ಕರೆಯುತ್ತಾರೆ. ಅಡುಗೆಯವರನ್ನು ಹುಡುಕುವುದು ಆಮೇಲೆ.

ಪಂಕ್ತಿ ನಡೆಸುವುದೆಂದರೆ ಸುಮ್ಮನೆ ಕೂತು ತಿನ್ನುವುದಲ್ಲ. ಬಾಗಿಲಿಗೆ ಎದುರಾಗಿರುವ ಕುರ್ಚಿ ಪಂಕ್ತಿಯ ಯಜಮಾನನದು. ಅವನ ಬಲಕ್ಕೆ ಮುಖ್ಯ ಅತಿಥಿ, ಎಡಕ್ಕೆ ಎರಡನೆಯ ಅತಿಥಿ. ಮೀನಿನ ತಲೆ ಮುಖ್ಯ ಅತಿಥಿಯ ಕಡೆಗೇ ಇರಬೇಕು. ಯಜಮಾನ ಮಾತಾಡಬೇಕು, ಲೋಟ ಎತ್ತಬೇಕು, ಮುಖ್ಯ ಅತಿಥಿ ಮೊದಲ ತುತ್ತು ಬಾಯಿಗಿಡಬೇಕು. ಅಲ್ಲಿಯವರೆಗೆ ಉಳಿದವರ ಊಟದ ಕಡ್ಡಿಗಳು ಮೇಜಿನ ಮೇಲೆ ಮಲಗಿರಬೇಕು. ಇದರಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಮೆಂಗ್ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ.

ಯಜಮಾನನ ಎದುರಿಗೆ, ಬಾಗಿಲಿಗೆ ಬೆನ್ನು ಹಾಕಿ, ಉಪಯಜಮಾನ ಎಂಬ ಒಂದು ಪ್ರಾಣಿ ಕೂತಿರುತ್ತದೆ. ಖಾಲಿಯಾದ ಲೋಟ ತುಂಬುವುದು, ಎದ್ದು ಹೋದ ಅತಿಥಿಯನ್ನು ಹಿಡಿದು ತರುವುದು ಅದರ ಕೆಲಸ. ಆ ಪ್ರಾಣಿ ನಾನೇ, ಹೆಸರು ಝಾಯ್. ಮೆಂಗ್ ನನಗಿಂತ ಸ್ವಲ್ಪ ದೊಡ್ಡವನು. ಎದುರಿಗೆ ಅಣ್ಣ ಎನ್ನುತ್ತೇನೆ, ಬೆನ್ನ ಹಿಂದೆ ಏನೆನ್ನುತ್ತೇನೆಂಬುದನ್ನು ನೀವೇ ಓದುತ್ತಿದ್ದೀರಿ.

ನಾವಿಬ್ಬರೂ ಒಂದೇ ಪಿಂಗಾಣಿ ಕಾರ್ಖಾನೆಯಲ್ಲಿದ್ದವರು. ನಾನು ಬಟ್ಟಲು ಸುಡುವ ಗೂಡಿನ ಬಾಯಲ್ಲಿ ಬೇಯುತ್ತಿದ್ದೆ, ಅವನು ಸತ್ಕಾರ ವಿಭಾಗದಲ್ಲಿ ತಂಪಾಗಿದ್ದ. ಕೊಳ್ಳುವವರು, ತಪಾಸಣೆಯವರು, ತಪಾಸಣೆಯವರ ತಪಾಸಣೆಗೆ ಬಂದವರು, ಎಲ್ಲರಿಗೂ ಊಟ ಹಾಕಿಸುವುದೇ ಅವನ ಉದ್ಯೋಗ. ಕೊನೆಗೆ ಬಟ್ಟಲು ಕೊಳ್ಳುವವರು ಇಲ್ಲವಾಗಿ ಗೂಡುಗಳು ಆರಿಹೋದವು, ಕಾರ್ಖಾನೆ ಮುಚ್ಚಿತು. ಸತ್ಕಾರ ವಿಭಾಗ ಮಾತ್ರ ಮುಚ್ಚಲಿಲ್ಲ. ಅದು ಮೆಂಗನ ಜೊತೆ ಅವನ ಮನೆಗೆ ಬಂದುಬಿಟ್ಟಿತು.

ಮನೆಯಲ್ಲಿ ಅಡುಗೆ ಅವನ ಹೆಂಡತಿ ಫೆಂಗ್‌ಯಿಂಗ್‌ಳದು. ಹೊರಗಿನವರು ಬಂದಾಗ ಹೆಂಗಸರು ಪಂಕ್ತಿಗೆ ಕೂರದಿರುವುದು ನಮ್ಮ ಕಡೆಯ ಹಳೇ ಪದ್ಧತಿ. ಈಗ ಎಷ್ಟೋ ಮನೆಗಳಲ್ಲಿ ಸೊಸೆಯಂದಿರು ಕೂತು ಮಾವನಿಗಿಂತ ಜೋರಾಗಿ ಲೋಟ ಎತ್ತುತ್ತಾರೆ. ಮೆಂಗನ ಮನೆಗೆ ಆ ಗಾಳಿ ಇನ್ನೂ ತಾಗಿರಲಿಲ್ಲ. ಅತ್ತಿಗೆಯ ಕೈಗಳು ಮಾತ್ರ ನಮಗೆ ಕಾಣುತ್ತಿದ್ದವು. ಅಡುಗೆಮನೆಯ ಬಾಗಿಲ ಸಂದಿಯಿಂದ ತಟ್ಟೆಯ ಜೊತೆ ಹೊರಬಂದು, ಖಾಲಿ ತಟ್ಟೆಯ ಜೊತೆ ಒಳಗೆ ಹೋಗುತ್ತಿದ್ದವು.

ಅವರಿಗೆ ಒಬ್ಬಳೇ ಮಗಳು, ಯಾಚಿನ್. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅದೇ ಶಾಲೆಯ ಮಕ್ಕಳಿಗೆ ಕಾಲ್ಚೆಂಡು ಕಲಿಸಲು ಉರುಗ್ವೆ ಎಂಬ ದೇಶದಿಂದ ಆನ್ಸೆಲ್ಮೊ ಎಂಬ ಹುಡುಗ ಬಂದ. ಅಷ್ಟುದ್ದ ಹೆಸರು ನಮ್ಮ ಬಾಯಲ್ಲಿ ನಿಲ್ಲದೆ ಮುರಿದು ಆನ್ ಆಯಿತು. ನಮ್ಮ ಭಾಷೆಯನ್ನು ನಮ್ಮಷ್ಟೇ ಕೆಟ್ಟದಾಗಿ ಮಾತಾಡುವುದನ್ನು ಬೇಗ ಕಲಿತ. ಹಿರಿಯರ ಲೋಟಕ್ಕೆ ಲೋಟ ತಾಗಿಸುವಾಗ ತನ್ನ ಲೋಟವನ್ನು ತಗ್ಗಿಸಿ ಹಿಡಿಯುವುದನ್ನೂ ಕಲಿತ. ಯಾಚಿನ್‌ಗೂ ಅವನಿಗೂ ಮನಸ್ಸು ಕೂಡಿತು. ಲೋಟ ತಗ್ಗಿಸಿದ್ದನ್ನು ನೋಡಿ ಮೆಂಗನ ಮನಸ್ಸೂ ಅರ್ಧ ಕರಗಿತು.

ಕರಗದ ಅರ್ಧ ಒಂದೇ ಮಾತಿನ ಮೇಲೆ ಕಲ್ಲಾಗಿ ಕೂತಿತ್ತು. "ಹುಡುಗನ ಕಡೆಯೋರು ಅಂತ ಒಬ್ರಾದ್ರೂ ಬರ್ಬೇಕು. ಬಂದು ಬಾಯ್ಬಿಟ್ಟು ಹೆಣ್ಣು ಕೇಳ್ಬೇಕು. ಕೇಳೋರೇ ಇಲ್ದೆ ಕೊಡೋಕೆ ನನ್ನ ಮಗಳೇನು ಪಾರ್ಸೆಲ್ಲಾ?"

ಆನ್‌ನ ತಾಯಿ ತೀರಿಕೊಂಡಿದ್ದಳು, ತಂದೆ ಹಾಸಿಗೆ ಹಿಡಿದಿದ್ದ. ಕೊನೆಗೆ ಅವನ ಬಾಲ್ಯದ ಗೆಳೆಯ ಫರ್ಮಿನ್, ಊರಲ್ಲಿ ಬ್ರೆಡ್ಡು ಸುಡುವ ಬೇಕರಿ ಇಟ್ಟುಕೊಂಡವನು, ಅಂಗಡಿಗೆ ಬೀಗ ಹಾಕಿ ಹೊರಟ. ಗೆಳೆಯನನ್ನು ನೋಡಿದ ಹಾಗೂ ಆಯಿತು, ಹೆಣ್ಣು ಕೇಳಿದ ಹಾಗೂ ಆಯಿತು ಎಂದುಕೊಂಡಿದ್ದ, ಪಾಪ. ಬೋಶಾನ್‌ನಲ್ಲಿ ಹೆಣ್ಣು ಕೇಳುವುದೆಂದರೆ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೆಣ್ಣು ಕೇಳುವ ಊಟದ ದಿನವನ್ನು ಮೆಂಗನ ಅಣ್ಣ ಝಾವ್‌ಕುವಾನ್ ಪಂಚಾಂಗ ನೋಡಿ ಗೊತ್ತುಮಾಡಿದ್ದ. ಇವನಿಗೆ ಈ ಸಂಬಂಧ ಸುತರಾಂ ಇಷ್ಟವಿರಲಿಲ್ಲ. ಇವನ ಗೆಳೆಯನ ಮಗನೊಬ್ಬನಿದ್ದ, ಮೂರು ಫ್ಲಾಟಿನ ಒಡೆಯ, ತಲೆಯಲ್ಲಿ ಕೂದಲು ಕಮ್ಮಿ. ಹುಡುಗನ ಕಡೆಯವರು ಒಂದು ತಪ್ಪು ಮಾಡಲಿ, ಮಾತು ಮುರಿದು ಆ ಫ್ಲಾಟುಗಳನ್ನು ಮುಂದೆ ತರೋಣ ಎಂದು ಕಾಯುತ್ತಿದ್ದ. ಮೆಂಗ್ ಜೀವನದಲ್ಲಿ ಅಣ್ಣನ ಮಾತು ಮೀರಿದವನಲ್ಲ. ಹೀಗಾಗಿ ಯಾಚಿನ್‌ಳ ಮದುವೆ ನಮ್ಮಲ್ಲಿ ಯಾರೂ ಕಣ್ಣಾರೆ ಕಾಣದ ಒಬ್ಬ ಬೇಕರಿಯವನ ನಡವಳಿಕೆಯ ಮೇಲೆ ನಿಂತಿತ್ತು.

ಆ ಬೇಕರಿಯವನಿಗೆ ದಾರಿಯಲ್ಲಿ ಒಂದು ವಿಮಾನ ತಪ್ಪಿತು. ಹಿಂದಿನ ದಿನವೇ ಬರಬೇಕಾದವನು ಊಟದ ದಿನ ಬೆಳಿಗ್ಗೆ ಬಂದಿಳಿದ. ಆನ್ ಓಡಿಬಂದ.

"ಮಾವ, ಮೂರು ವಿಮಾನ ಹತ್ತಿಳಿದು ಬಂದಿದಾನೆ. ಕಣ್ಣು ಬಿಡೋಕೂ ಆಗ್ತಿಲ್ಲ. ಅವನೂರಲ್ಲಿ ಈಗ ನಡುರಾತ್ರಿ. ಊಟ ನಾಳೆ ಇಟ್ಕೊಳ್ಳೋಣ."

"ಇನ್ನೂ ಹೆಣ್ಣು ಕೊಟ್ಟೇ ಇಲ್ಲ, ಆಗ್ಲೇ ಮಾವನಂತೆ!" ಎಂದು ಝಾವ್‌ಕುವಾನ್ ಗೊಣಗಿದ. "ನಾಳೆ ದಿನ ಚೆನ್ನಾಗಿಲ್ಲ. ನಾಳೆ ಗೋಡೆ ಕೆಡವೋಕೆ ಮಾತ್ರ ಒಳ್ಳೇದು ಅಂತ ಬರೆದಿದೆ."

ಮೆಂಗ್ ಸಮಾಧಾನದ ದನಿಯಲ್ಲಿ ಹೇಳಿದ: "ನಡುರಾತ್ರಿ ಅವರೂರಲ್ಲಿ ತಾನೆ, ಆನ್? ನಮ್ಮೂರಲ್ಲಿ ಹಗಲು. ದೂರದಿಂದ ಬಂದೋರನ್ನ ಊಟ ಹಾಕ್ದೆ ಮಲಗಿಸಿದ್ರೆ ನಾಲ್ಕು ಜನ ನನ್ನ ಮುಖಕ್ಕೆ ಉಗೀತಾರೆ."

ಹೀಗೆ ಮಧ್ಯಾಹ್ನಕ್ಕೆ ಪಂಕ್ತಿ ಕೂತಿತು. ಫರ್ಮಿನ್ ಆಳು ಗಟ್ಟಿಮುಟ್ಟು, ಅಗಲ ಭುಜ, ದಪ್ಪ ಮೀಸೆ. ಕಣ್ಣುಗಳು ಮಾತ್ರ ಮೆಣಸಿನಪುಡಿ ಬಿದ್ದ ಹಾಗೆ ಕೆಂಪಗಿದ್ದವು. ಒಳಗೆ ಬಂದವನೇ ಗೋಡೆಗೆ ನೇತುಹಾಕಿದ್ದ ಮೆಂಗನ ಕೋಟಿಗೆ ಕೈಮುಗಿದ. ಮೆಂಗ್ ಅವನ ತೋಳು ಹಿಡಿದು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿದ. ಮೆಂಗನ ಎಡಕ್ಕೆ ಆನ್, ಆನ್‌ನ ಪಕ್ಕದಲ್ಲಿ ಝಾವ್‌ಕುವಾನ್, ಎದುರಿಗೆ ನಾನು. ಮಾಂಸ ತುಂಬಿ ಬೇಯಿಸಿದ ತೋಫು ಬಂತು, ಕರಿದ ಹಂದಿಮಾಂಸ ಬಂತು, ಸಿಹಿಹುಳಿ ಸಾರಿನಲ್ಲಿ ಬಾಲ ಎತ್ತಿಕೊಂಡು ಇಡೀ ಮೀನು ಬಂತು. ಯಾಚಿನ್ ತಟ್ಟೆ ತಿರುಗಿಸಿ ಮೀನಿನ ತಲೆಯನ್ನು ಫರ್ಮಿನ್ ಕಡೆಗೆ ಮಾಡಿದಳು. ಮೀನು ಅವನನ್ನು ನೋಡಿತು, ಅವನು ಮೀನನ್ನು ನೋಡಿದ. ಇಬ್ಬರಲ್ಲಿ ಮೀನೇ ಹೆಚ್ಚು ಎಚ್ಚರವಾಗಿದ್ದಂತೆ ಕಂಡಿತು.

ಮೆಂಗ್ ಲೋಟ ಹಿಡಿದು ಎದ್ದ. ಅವನ ಸ್ವಾಗತ ಭಾಷಣವನ್ನು ನಾನು ಕಾರ್ಖಾನೆಯ ಕಾಲದಿಂದ ಕೇಳಿದ್ದೇನೆ, ಊರಿನ ಹೆಸರು ಮಾತ್ರ ಬದಲಾಗುತ್ತದೆ. ಉರುಗ್ವೆ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆದ್ದರಿಂದ ಅದರ ಎತ್ತರದ ಪರ್ವತಗಳನ್ನು ಹೊಗಳಿದ. ಆ ದೇಶದಲ್ಲಿ ದೊಡ್ಡ ಗುಡ್ಡವೂ ಇಲ್ಲವೆಂದು ಆನ್ ಆಮೇಲೆ ನನಗೆ ಹೇಳಿದ, ಆದರೆ ಅಲ್ಲಿ ಮರ್ಯಾದೆಯಿಂದ ಎಲ್ಲವನ್ನೂ ಅನುವಾದ ಮಾಡಿದ. ಪರ್ವತ ಮುಗಿದು ನದಿ ಬಂತು, ನದಿ ಮುಗಿದು ಎರಡು ಜನತೆಗಳ ಸ್ನೇಹ ಬಂತು. ಕೊನೆಗೆ ಮೆಂಗ್ ಲೋಟ ಮೇಲೆತ್ತಿ ಬಲಕ್ಕೆ ತಿರುಗಿದ.

ಫರ್ಮಿನ್ ನೆಟ್ಟಗೆ ಕೂತಿದ್ದ. ಲೋಟ ಎದೆಯ ಮಟ್ಟದಲ್ಲಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಕಣ್ಣು ಮುಚ್ಚಿತ್ತು.

"ಮನಸ್ಸಿಗೆ ತಾಗಿದೆ" ಎಂದು ಮೆಂಗ್ ಪಿಸುಗುಟ್ಟಿದ.

ಮನಸ್ಸಿಗೆ ತಾಗಿದ್ದು ಗೊರಕೆಯಾಗಿ ಹೊರಗೆ ಬಂತು.

ಆನ್‌ನ ಮುಖ ಸುಣ್ಣವಾಯಿತು. "ಎಬ್ಬಿಸ್ತೀನಿ, ಮಾವ" ಎಂದು ಕೈ ಚಾಚಿದ. ಮೆಂಗ್ ಆ ಕೈಯನ್ನು ಗಾಳಿಯಲ್ಲೇ ಹಿಡಿದ. "ಬೇಡ! ಮುಖ್ಯ ಅತಿಥೀನ ಮೈ ಮುಟ್ಟಿ ಎಬ್ಬಿಸೋದುಂಟಾ? ಅವರಾಗೇ ಏಳಲಿ. ಕಾಯೋಣ."

ಕಾದೆವು. ಅವನು ತಿನ್ನದೆ ನಾವು ತಿನ್ನುವಂತಿಲ್ಲ, ಅವನು ಏಳದೆ ತಿನ್ನುವಂತಿಲ್ಲ, ಅವನನ್ನು ಎಬ್ಬಿಸುವಂತಿಲ್ಲ. ನಮ್ಮ ಹಿರಿಯರು ಎಷ್ಟೊಂದು ನಿಯಮ ಮಾಡಿಟ್ಟರು, ಅತಿಥಿ ನಿದ್ದೆ ಹೋದರೆ ಏನು ಮಾಡಬೇಕೆಂದು ಮಾತ್ರ ಯೋಚಿಸಲಿಲ್ಲ. ಮೀನಿನ ಸಾರಿನ ಮೇಲೆ ಕೆನೆಗಟ್ಟಿತು. ಯಾಚಿನ್ ಬಂದು ತಟ್ಟೆಗಳನ್ನು ಒಳಗೆ ಒಯ್ದಳು, ಬಿಸಿ ಮಾಡಿ ತಂದಳು. ಮತ್ತೆ ಆರಿದವು, ಮತ್ತೆ ಒಯ್ದಳು. ಹೋಗಿಬಂದು ಹೋಗಿಬಂದು ಮೀನಿನ ಬಾಲ ಬಗ್ಗಿಹೋಯಿತು. ಪ್ರತಿ ಸಲ ಬರುವಾಗಲೂ ಅವಳು ಆನ್‌ನ ಮುಖವನ್ನೊಮ್ಮೆ, ದೊಡ್ಡಪ್ಪನ ಮುಖವನ್ನೊಮ್ಮೆ ನೋಡುತ್ತಿದ್ದಳು. ಆ ಹುಡುಗಿಯ ಕಣ್ಣು ನೋಡಿ ನನಗೆ ಹಸಿವಿನ ನಡುವೆಯೂ ಸಂಕಟವಾಯಿತು.

"ಮೆಂಗಣ್ಣ, ಎರಡನೇ ಅತಿಥಿ ಆನ್ ಇದಾನಲ್ಲ, ಅವನೇ ಒಂದು ತುತ್ತು ತಿಂದ್ರೆ ಆಗಲ್ವಾ?" ಎಂದು ನಾನು ಕೇಳಿದೆ.

"ಆಗುತ್ತಾ, ಝಾಯ್? ಕಾರ್ಖಾನೇಲಿ ಆ ಜಿಲ್ಲಾ ಸಾಹೇಬ್ರು ಫೋನ್ ಹಿಡ್ಕೊಂಡು ಹೊರಗೆ ಹೋದಾಗ ನಾವು ಕಾಯ್ಲಿಲ್ವಾ?"

"ಕಾದ್ವಿ. ಅವರು ಅಲ್ಲಿಂದ ಹಾಗೇ ಕಾರು ಹತ್ತಿ ಹೋಗಿದ್ರು."

"ಆದ್ರೂ ಕಾದ್ವಿ ತಾನೆ?"

ಝಾವ್‌ಕುವಾನ್‌ಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ನಡುಗುವ ಕೈಯನ್ನೇ ಮೇಜಿಗೆ ಬಡಿದ. "ನಮ್ಮ ಮನೆ ಹೆಣ್ಣು ಕೇಳೋಕೆ ಬಂದು ಗೊರಕೆ ಹೊಡೀತಿದಾನೆ. ಇದಕ್ಕಿಂತ ಅವಮಾನ ಬೇಕಾ? ಬಾಯ್ಬಿಟ್ಟು ಕೇಳೋರು ಬೇಕು ಅಂದೆಯಲ್ಲ ತಮ್ಮ, ಬಾಯಿ ಬಿಟ್ಕೊಂಡೇ ಇದಾನೆ ನೋಡು! ನಾನು ಹೇಳ್ತಿದೀನಿ, ಈ ಸಂಬಂಧ ಬೇಡ."

"ಅಣ್ಣ, ಸ್ವಲ್ಪ ತಾಳು."

"ತಾಳೋದು ಏನಿದೆ? ನೀನೇ ಹೇಳು, ನಿನ್ನ ಲೆಕ್ಕದಲ್ಲಿ ಇದು ಮರ್ಯಾದೆಯಾ?"

ಮೆಂಗ್ ಮೇಜಿನ ಮೇಲೆ ಮಲಗಿದ್ದ ತನ್ನ ಕಡ್ಡಿಗಳನ್ನು ನೇರ ಮಾಡಿದ. ಜೀವನವಿಡೀ ಊರಿನವರ ಮರ್ಯಾದೆಯನ್ನು ಗುಂಜಿಯಷ್ಟೂ ಬಿಡದೆ ತೂಗಿದವನು ತನ್ನ ಮಗಳ ವಿಷಯಕ್ಕೆ ಬಂದಾಗ ತಕ್ಕಡಿಯನ್ನು ಬೇರೆ ಥರ ಹಿಡಿಯುವುದು ಹೇಗೆ? ಅವನು ಇನ್ನೇನು ಅಣ್ಣನ ಮಾತಿಗೆ ತಲೆಯಾಡಿಸುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಆನ್‌ಗೂ ಆಗಿರಬೇಕು, ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಫರ್ಮಿನ್ ಕಣ್ಣು ಬಿಟ್ಟ.

ನಮ್ಮನ್ನು ನೋಡಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು, ಎದ್ದು, ತೋಳು ಮಡಚಿಕೊಳ್ಳುತ್ತ ಸೀದಾ ನಡೆದು ಹೋದ. ಕೈ ತೊಳೆಯಲು ಹೋಗಿರಬೇಕೆಂದು ಎಲ್ಲರೂ ಉಸಿರು ಬಿಟ್ಟರು. ಮೆಂಗ್ ಕಾಲರು ಸರಿಮಾಡಿಕೊಂಡು, ಭಾಷಣದ ಕೊನೆಯ ಸಾಲನ್ನು ಬಾಯೊಳಗೇ ಹೇಳಿಕೊಂಡ. ಹೋದವನು ಬರಲಿಲ್ಲ. ಅಡುಗೆಮನೆಯಿಂದ ಹಿಟ್ಟನ್ನು ಮಣೆಗೆ ಬಡಿಯುವ ಸದ್ದು ಕೇಳತೊಡಗಿತು.

"ಝಾಯ್, ಹೋಗಿ ಕರ್ಕೊಂಡ್ ಬಾ" ಎಂದ ಮೆಂಗ್. ಉಪಯಜಮಾನ ಎದ್ದ.

ಅಡುಗೆಮನೆಯ ಬಾಗಿಲಲ್ಲಿ ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಫರ್ಮಿನ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಮಣೆಯ ಮುಂದೆ ನಿಂತಿದ್ದ. ಗೋಧಿಹಿಟ್ಟಿನ ಮುದ್ದೆಯನ್ನು ಎತ್ತಿ ಬಡಿಯುತ್ತಿದ್ದ, ಮಡಚುತ್ತಿದ್ದ, ಮತ್ತೆ ಬಡಿಯುತ್ತಿದ್ದ. ಅವನೂರಲ್ಲಿ ಅದು ಬೇಕರಿಯವರು ಎದ್ದು ಹಿಟ್ಟು ನಾದುವ ಹೊತ್ತಂತೆ. ತಲೆ ಯಾವ ದೇಶದಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ, ಕೈಗಳಿಗೆ ಮಾತ್ರ ಹೊತ್ತು ತಿಳಿದಿತ್ತು. ಅತ್ತಿಗೆ ಲಟ್ಟಣಿಗೆ ಹಿಡಿದು ಪಕ್ಕದಲ್ಲಿ ನಿಂತು ಬೈಯುತ್ತಿದ್ದಳು.

"ಅಯ್ಯೋ, ಬಿಡಪ್ಪ, ನೀನು ನೆಂಟ! ಯಾರಾದ್ರೂ ನೋಡಿದ್ರೆ ನನ್ನ ಗತಿ ಏನು! ಇದು ನಾನು ನನಗೆ ಅಂತ ನೂಡಲ್ಸ್‌ಗೆ ಕಲಸಿದ ಹಿಟ್ಟು. ಹಾಗಲ್ಲ, ಹಾಗಲ್ಲ, ಇನ್ನೂ ಸ್ವಲ್ಪ ಒತ್ತು... ಹ್ಞಾ, ಹಾಗೆ."

ಯಾಚಿನ್ ಒಲೆಯ ಪಕ್ಕ ಕೂತು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದಳು. ಅತ್ತಿಗೆ ನನ್ನನ್ನು ಕಂಡು, "ಝಾಯಪ್ಪ, ನಾನು ಕರೀಲಿಲ್ಲ, ಅವನೇ ಬಂದ!" ಎಂದಳು. ನಾನು ಕರೆದೊಯ್ಯಬೇಕಿತ್ತು. ಆದರೆ ನೋಡನೋಡುತ್ತ ಹಿಟ್ಟು ಎಳೆಯಾಗಿ ಕುದಿವ ನೀರಿಗೆ ಬಿತ್ತು, ಈರುಳ್ಳಿ ಸೊಪ್ಪು ಎಣ್ಣೆಯಲ್ಲಿ ಚಟಪಟ ಅಂದಿತು, ನನ್ನ ಕಾಲು ಅಲ್ಲೇ ಅಂಟಿಕೊಂಡಿತು. ಅವಳು ಬಟ್ಟಲು ತುಂಬಿಸಿ, ಮೇಲೊಂದು ಮೊಟ್ಟೆ ಇಟ್ಟು ಫರ್ಮಿನ್ ಕೈಗೆ ಕೊಟ್ಟಳು. ಅವನು ತರಕಾರಿ ಹೆಚ್ಚುವಾಗ ಕೂರುವ ಗಿಡ್ಡ ಮಣೆಯ ಮೇಲೆ ಕೂತು, ಹಬೆಗೆ ಮುಖ ಒಡ್ಡಿ, ಸುರ್ ಸುರ್ ಎಂದು ಎಳೆದ. ಆಗ ಅವನಿಗೆ ನಿಜವಾಗಿ ಎಚ್ಚರವಾಯಿತು. ಸುತ್ತ ನೋಡಿ, ಗಾಬರಿಯಿಂದ ಗೆಳೆಯನನ್ನು ಕೂಗಿದ.

ಆನ್ ಓಡಿಬಂದ. ಹಿಂದೆ ಮೆಂಗ್, ಅವನ ಹಿಂದೆ ಝಾವ್‌ಕುವಾನ್. ಬಾಗಿಲಲ್ಲಿ ನೂಕುನುಗ್ಗಲಾಯಿತು. ಫರ್ಮಿನ್ ಅತ್ತಿಗೆಯ ಕಡೆ ಬೆರಳು ತೋರಿಸಿ ಏನೋ ಕೇಳಿದ, ಆನ್ ಒಂದೇ ಮಾತಿನಲ್ಲಿ ಉತ್ತರಿಸಿದ. ಹುಡುಗಿಯ ತಾಯಿ ಎಂದಿರಬೇಕು. ಫರ್ಮಿನ್ ತಕ್ಷಣ ಬಟ್ಟಲು ಕೆಳಗಿಟ್ಟು ಎದ್ದ. ಹಿಟ್ಟಿನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಮೀಸೆ ಒರೆಸಿಕೊಂಡು, ಅವಳ ಮುಂದೆ ನೆಟ್ಟಗೆ ನಿಂತ. ಮೂರು ವಿಮಾನಗಳಲ್ಲೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಮ್ಮ ಭಾಷೆಯ ಒಂದೇ ಒಂದು ವಾಕ್ಯವನ್ನು ಒಪ್ಪಿಸಿದ.

"ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ ಕೊಡಿ."

ಮೂರನೇ ಲೋಟವಾದ ಮೇಲೆ, ತನ್ನ ಎಡಗಡೆ ಕೂತ ಯಜಮಾನನಿಗೆ ಇದನ್ನು ಹೇಳಬೇಕೆಂದು ಆನ್ ಹೇಳಿಕೊಟ್ಟಿದ್ದ. ಲೋಟವೂ ಇಲ್ಲ, ಯಜಮಾನನೂ ಅಲ್ಲ. ಹೆಣ್ಣು ಕೇಳಿದ್ದು ಅಡುಗೆಮನೆಯಲ್ಲಿ, ಸೌಟು ಹಿಡಿದವಳ ಹತ್ತಿರ.

ಅತ್ತಿಗೆ ಸೌಟನ್ನು ಒಲೆಯ ಮೇಲಿಟ್ಟಳು. ಮಗಳನ್ನು ನೋಡಿದಳು, ಆನ್‌ನನ್ನು ನೋಡಿದಳು. "ಹ್ಞೂಂ. ಕೊಟ್ಟೆ" ಎಂದಳು.

"ಏನು ಕೊಟ್ಟೆ!" ಝಾವ್‌ಕುವಾನ್ ಕಿರುಚಿದ. "ಇದು ಲೆಕ್ಕಕ್ಕಿಲ್ಲ! ಪಂಕ್ತೀಲಿ ಕೇಳಿಲ್ಲ, ಗಂಡಸರನ್ನ ಕೇಳಿಲ್ಲ. ಕೊಟ್ಟೆ ಅನ್ನೋಕೆ ಇವಳು ಯಾರು?"

"ನನ್ನನ್ನ ಕೇಳಿದ್ರು, ಭಾವ, ನಾನು ಹೇಳಿದೆ" ಎಂದಳು ಅತ್ತಿಗೆ. ಜೋರಾಗಿ ಹೇಳಲಿಲ್ಲ. "ಇಷ್ಟು ವರ್ಷ ಈ ಮನೇಲಿ ನನ್ನನ್ನ ಯಾರೂ ಏನೂ ಕೇಳಿರ್ಲಿಲ್ಲ. ಉಪ್ಪು ಎಲ್ಲಿದೆ ಅಂತ ಬಿಟ್ರೆ."

ಎಲ್ಲರೂ ಮೆಂಗನ ಕಡೆ ತಿರುಗಿದರು. ಅವನು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಹೆಂಡತಿ ಕೊಟ್ಟದ್ದು ನಗೆಪಾಟಲಾಗುತ್ತಿತ್ತು. ಯಾಚಿನ್ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತಿದ್ದಳು. ಮೆಂಗ್ ಗಿಡ್ಡ ಮಣೆಯನ್ನು, ಅರ್ಧ ಖಾಲಿಯಾದ ಬಟ್ಟಲನ್ನು, ಅತಿಥಿಯ ಮೀಸೆಗೆ ಅಂಟಿದ ಈರುಳ್ಳಿ ಸೊಪ್ಪನ್ನು ದಿಟ್ಟಿಸಿ ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡ.

"ಅಣ್ಣ, ಮುಖ್ಯ ಅತಿಥಿ ಮೊದಲ ತುತ್ತು ತಿಂದಾಗಿದೆ. ಎಲ್ಲಿ ತಿಂದ್ರು ಅನ್ನೋದಕ್ಕೆ ನಿಯಮ ಇಲ್ಲ. ನೀನಿನ್ನು ಊಟ ಶುರು ಮಾಡ್ಬಹುದು."

ಝಾವ್‌ಕುವಾನ್‌ನ ಮುಖದಲ್ಲಿ ಮಾನಕ್ಕೂ ಹಸಿವಿಗೂ ಸ್ವಲ್ಪ ಹೊತ್ತು ಗುದ್ದಾಟ ನಡೆಯಿತು. ಮಾನಕ್ಕೂ ಸಕ್ಕರೆ ಕಾಯಿಲೆಯಿತ್ತು, ಹೆಚ್ಚು ಹೊತ್ತು ತಡೆಯಲಿಲ್ಲ. "ನಿನ್ನ ಮಗಳು, ನಿನ್ನಿಷ್ಟ" ಎಂದು ಗೊಣಗಿ ಹೋಗಿ ಮೇಜಿಗೆ ಕೂತು, ಬಾಲ ಬಗ್ಗಿದ ಮೀನನ್ನು ಕೀಳತೊಡಗಿದ. ಯಾಚಿನ್ ಆನ್‌ನ ತೋಳು ಹಿಡಿದುಕೊಂಡಳು, ತಂದೆಯ ಎದುರಿಗೇ.

ಮೆಂಗ್ ಮಾತ್ರ ಬಾಗಿಲಿನಿಂದ ಕದಲಲಿಲ್ಲ. "ಯಾಚಿನ್ ಅಮ್ಮ, ಹಿಂದೆಮುಂದೆ ನೋಡ್ದೆ ಒಪ್ಕೊಂಡ್ಬಿಟ್ಟೆಯಲ್ಲ. ಏನು ನೋಡಿ ಒಪ್ಕೊಂಡೆ?"

"ಹುಡುಗನ್ನ ಎರಡು ವರ್ಷದಿಂದ ನೋಡ್ತಿದೀನಿ. ಇವತ್ತು ಅವನ ಕಡೆಯೋರನ್ನೂ ನೋಡ್ದೆ. ಬಂದು ನನ್ನ ಜೊತೆ ಕೆಲಸ ಮಾಡ್ದ, ನಾನು ಮಾಡಿದ್ದನ್ನ ಬಿಸಿಬಿಸಿಯಾಗಿ ತಿಂದ. ಈ ಮನೆಗೆ ಬಂದೋರಲ್ಲಿ ನನ್ನ ಅಡುಗೇನ ಬಿಸಿಯಾಗಿ ತಿಂದೋನು ಇವನೊಬ್ಬನೇ."

"ಯಾಕೆ, ನಾನು ತಿಂದಿಲ್ವಾ?"

ಅತ್ತಿಗೆ ನಿಜವಾಗಿಯೂ ನೆನಪು ಮಾಡಿಕೊಳ್ಳುವವಳ ಹಾಗೆ ಸೌಟನ್ನು ಮತ್ತೆ ಎತ್ತಿ ಪಾತ್ರೆಯನ್ನೊಮ್ಮೆ ಕಲಕಿದಳು. "ಇಲ್ಲ" ಎಂದಳು. "ನೀವು ಯಾವತ್ತೂ ಮಾತಾಡ್ತಾ ಇದ್ರಿ."

ಅವಳು ಇನ್ನೊಂದು ಬಟ್ಟಲು ತುಂಬಿಸಿ ಅವನ ಕೈಗಿಟ್ಟಳು. ಮೆಂಗ್ ಝಾವ್‌ಹೌ, ಬೋಶಾನ್ ಪೇಟೆಯ ಎಲ್ಲ ಪಂಕ್ತಿಗಳ ಯಜಮಾನ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದು ತುತ್ತು ತಿಂದ. ತಡೆದ. ಇನ್ನೊಂದು ತಿಂದ. ಅವನ ಕನ್ನಡಕ ಹಬೆಯಿಂದ ಮಸುಕಾಯಿತು, ಅದನ್ನು ತೆಗೆದು ಒರೆಸಲೂ ಇಲ್ಲ. ಆಮೇಲೆ ಅವನ ಬೆನ್ನು ನೆಟ್ಟಗಾಯಿತು, ಕತ್ತು ಮೇಲೆದ್ದಿತು. ಭಾಷಣ ಬರುವ ಲಕ್ಷಣ ನನಗೆ ಚೆನ್ನಾಗಿ ಗೊತ್ತು.

"ಈ ಶುಭ ಸಂದರ್ಭದಲ್ಲಿ ನಾನು..."

"ಆರುತ್ತೆ" ಎಂದಳು ಅತ್ತಿಗೆ. "ತಿನ್ನಿ."

ಮೆಂಗ್ ಬಾಯಿ ಮುಚ್ಚಿಕೊಂಡು ತಿಂದ.